ಡೀಸೆಲ್ ಕುಡಿದ ಮಣ್ಣು, ಎಳನೀರಿನ ಬುರುಡೆ

(ಬೆಂಗಳೂರಿನ ಅಪಾರ್ಟ್‌ಮೆಂಟ್ ನಿರ್ವಾಹಕರು, ಗ್ಯಾರೇಜ್ ನಡೆಸುವವರು ಮತ್ತು ಗೊಬ್ಬರ ಮಾಡುವ ಹವ್ಯಾಸಿಗಳಿಗಾಗಿ ಕೊಟ್ಟ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಇಟ್ಟಿದ್ದೇವೆ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಯಾವುದೇ ದೊಡ್ಡ ಅಪಾರ್ಟ್‌ಮೆಂಟಿನ ಹಿಂಬದಿಗೆ ಹೋಗಿ ನೋಡಿ. ಎರಡು ಜಾಗಗಳು ಹೆಚ್ಚುಕಡಿಮೆ ಅಕ್ಕಪಕ್ಕದಲ್ಲೇ ಇರುತ್ತವೆ. ಒಂದು ಜನರೇಟರ್ ಇಟ್ಟ ಜಾಗ, ಇನ್ನೊಂದು ಹಸಿ ಕಸವನ್ನು ಗೊಬ್ಬರ ಮಾಡುವ ತೊಟ್ಟಿಗಳ ಸಾಲು. ಡೀಸೆಲ್ ತುಂಬುವಾಗ ಪೈಪು ಜಾರುತ್ತದೆ, ಬ್ಯಾರಲ್ಲಿನ ನಲ್ಲಿ ಹನಿಯುತ್ತದೆ, ಫಿಲ್ಟರ್ ಬಿಚ್ಚಿದಾಗ ಒಂದಷ್ಟು ಚೆಲ್ಲುತ್ತದೆ. ವರ್ಷ ಕಳೆಯುವಷ್ಟರಲ್ಲಿ ಅಲ್ಲಿನ ಕೆಂಪು ಮಣ್ಣು ಕಪ್ಪಾಗಿ, ಜಿಡ್ಡು ಜಿಡ್ಡಾಗಿ ಹೊಳೆಯುತ್ತದೆ. ಹುಲ್ಲು ಕೂಡ ಬರುವುದಿಲ್ಲ. ಹತ್ತು ಹೆಜ್ಜೆ ಆಚೆ ತೊಟ್ಟಿಯಲ್ಲಿ ಮಾಗಿದ ಗೊಬ್ಬರ ಒಯ್ಯುವವರಿಲ್ಲದೆ ಕೂತಿರುತ್ತದೆ. ಈ ಎರಡನ್ನು ಒಂದಕ್ಕೊಂದು ಸೇರಿಸಿ, ರಾಶಿ ಕಟ್ಟಿ, ಮಣ್ಣಿನ ಎಣ್ಣೆ ಕಳೆಯುವುದು ಹೇಗೆ, ಸೇರಿಸುವಾಗ ಎಲ್ಲಿ ಕೈ ತಪ್ಪುತ್ತದೆ ಅನ್ನುವುದೇ ಇವತ್ತಿನ ವಿಷಯ.

ಮೊದಲೇ ಒಂದು ಮಾತು. ಕಸ ಹಾಕಿದರೆ ಕಸ ಎಣ್ಣೆಯನ್ನು ತಿಂದುಬಿಡುತ್ತದೆ ಅನ್ನುವ ನಂಬಿಕೆ ಬಹಳ ಕಡೆ ಇದೆ. ಹಾಗಲ್ಲ, ತಿನ್ನುವ ಸೂಕ್ಷ್ಮಜೀವಿಗಳು ಬಹುಪಾಲು ಆ ಮಣ್ಣಿನಲ್ಲೇ ಆಗಲೇ ಇರುತ್ತವೆ. ಅವುಗಳಿಗೆ ಉಸಿರಿಲ್ಲ, ನೀರಿಲ್ಲ, ಸಾರಜನಕವಿಲ್ಲ, ಅಷ್ಟೆ. ಕಸದ ಕೆಲಸ ಮಣ್ಣನ್ನು ಸಡಿಲಿಸಿ ಆ ಮೂರನ್ನೂ ಒಳಗೆ ಬಿಡುವುದು. ಇದು ತಲೆಯಲ್ಲಿ ಕೂತರೆ ಮುಂದಿನ ಅರ್ಧ ತಪ್ಪುಗಳು ತಾವಾಗಿ ತಪ್ಪುತ್ತವೆ.

ಡೀಸೆಲ್ ಅಂದರೆ ಸುಮಾರು ಹತ್ತರಿಂದ ಇಪ್ಪತ್ತೆರಡು ಇಂಗಾಲದ ಪರಮಾಣುಗಳ ಸರಪಳಿಗಳು, ಜೊತೆಗೆ ಕೆಲವು ಉಂಗುರಗಳು. ಸೂಡೋಮೊನಾಸ್, ರೋಡೋಕಾಕಸ್, ಅಸಿನೆಟೋಬ್ಯಾಕ್ಟರ್ ಜಾತಿಯ ಬ್ಯಾಕ್ಟೀರಿಯಾಗಳು ಸರಪಳಿಯ ತುದಿಗೆ ಒಂದು ಆಮ್ಲಜನಕ ಅಂಟಿಸುತ್ತವೆ. ಅಲ್ಲಿಂದ ಅದು ಆಲ್ಕೋಹಾಲ್ ಆಗಿ, ಕೊನೆಗೆ ಕೊಬ್ಬಿನಾಮ್ಲ ಆಗುತ್ತದೆ. ಆಮೇಲೆ ನಾವು ತುಪ್ಪ ಜೀರ್ಣಿಸಿಕೊಳ್ಳುವ ದಾರಿಯೇ: ಎರಡೆರಡು ಇಂಗಾಲವಾಗಿ ಕಡಿದು ತಿನ್ನುವುದು. ನೇರ ಸರಪಳಿಗಳು ಮೊದಲು ಮುಗಿಯುತ್ತವೆ, ಕವಲೊಡೆದವು ಆಮೇಲೆ, ಉಂಗುರಗಳು ಎಲ್ಲಕ್ಕಿಂತ ಕೊನೆಗೆ. ಮೊದಲ ಹೆಜ್ಜೆಗೇ ಆಮ್ಲಜನಕ ಬೇಕು ಅನ್ನುವುದನ್ನು ಗಮನಿಸಿ.

ಎಷ್ಟು ಆಮ್ಲಜನಕ? ಒಂದು ಲೆಕ್ಕ ಹಾಕೋಣ, ಇವತ್ತಿನ ಮಾತಿಗೆಲ್ಲ ಇದೇ ಉದಾಹರಣೆ. ನೂರು ಲೀಟರ್ ಡೀಸೆಲ್ 3 ಘನ ಮೀಟರ್ ಮಣ್ಣಿಗೆ ಇಳಿದಿದೆ ಅಂದುಕೊಳ್ಳಿ. ಡೀಸೆಲ್ ತೂಕ ಸುಮಾರು 84 ಕಿಲೋ, ಮಣ್ಣಿನ ತೂಕ ಸುಮಾರು 4,500 ಕಿಲೋ. ಅಂದರೆ ಒಂದು ಕಿಲೋ ಮಣ್ಣಿಗೆ ಸುಮಾರು 18,700 ಮಿಲಿಗ್ರಾಂ, ಎರಡು ಶೇಕಡಾಕ್ಕೆ ಸ್ವಲ್ಪ ಕಡಿಮೆ. ಒಂದು ಕಿಲೋ ಡೀಸೆಲ್ ಪೂರ್ತಿ ಒಡೆದು ಇಲ್ಲವಾಗಲು ಸುಮಾರು 3.4 ಕಿಲೋ ಆಮ್ಲಜನಕ ಬೇಕು. 84 ಕಿಲೋಗೆ ಸುಮಾರು 285 ಕಿಲೋ. ಗಾಳಿಯ ಲೆಕ್ಕದಲ್ಲಿ ಇದು ಸಾವಿರ ಘನ ಮೀಟರಿಗೂ ಹೆಚ್ಚು. ನಮ್ಮೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಗಾಳಿ ತುಸು ತೆಳು, ಹಾಗಾಗಿ ಇನ್ನೊಂದಿಷ್ಟು ಸೇರಿಸಿಕೊಳ್ಳಿ. ತರ್ಟಿ ಫಾರ್ಟಿ ಸೈಟಿನ ತುಂಬ ಮೂರು ಅಂತಸ್ತು ಕಟ್ಟಿದರೆ ಒಳಗೆ ಹಿಡಿಯುವಷ್ಟು ಗಾಳಿ ಅದು. ಒಂದಿಷ್ಟು ಡೀಸೆಲ್ ಆವಿಯಾಗುತ್ತದೆ, ಒಂದಿಷ್ಟು ಸೂಕ್ಷ್ಮಜೀವಿಗಳ ಮೈಯಾಗುತ್ತದೆ, ಲೆಕ್ಕ ಅಷ್ಟು ಕಮ್ಮಿಯಾದೀತು. ಆದರೂ ಎಣ್ಣೆ ಕುಡಿದು ಗಟ್ಟಿಯಾದ ಜೇಡಿ ಮಣ್ಣಿನೊಳಗೆ ಮೂರು ಅಂತಸ್ತಿನ ಗಾಳಿ ತೂರಬೇಕು. ಇದಕ್ಕೇ ಬೇಕು ಎಳನೀರಿನ ಬುರುಡೆ.

ಬಾಟಲಿಯಲ್ಲಿ ಮಾರುವ ಬ್ಯಾಕ್ಟೀರಿಯಾ ಬೇಡವೇ ಅಂತ ಕೇಳುತ್ತಾರೆ. ಇದಕ್ಕೊಂದು ಚರಿತ್ರೆ ಇದೆ. ಆನಂದ ಮೋಹನ ಚಕ್ರಬರ್ತಿ ಅವರು ಅಮೆರಿಕದಲ್ಲಿ ಎಣ್ಣೆಯ ಹಲವು ಅಂಶಗಳನ್ನು ತಿನ್ನಬಲ್ಲ ಸೂಡೋಮೊನಾಸ್ ಒಂದನ್ನು ರೂಪಿಸಿದರು. ಅದರ ಪೇಟೆಂಟ್ ಪ್ರಶ್ನೆ ಅಲ್ಲಿನ ಸುಪ್ರೀಂ ಕೋರ್ಟಿನವರೆಗೆ ಹೋಗಿ 1980ರಲ್ಲಿ ಅವರ ಪರ ತೀರ್ಪಾಯಿತು. ಕಾನೂನಿನ ಚರಿತ್ರೆಯಲ್ಲಿ ಅದು ದೊಡ್ಡ ಹೆಸರು. ಆದರೆ ಆ ಬ್ಯಾಕ್ಟೀರಿಯಾವನ್ನು ಬಯಲಿನ ಎಣ್ಣೆ ಸೋರಿಕೆಗೆ ಬಳಸಲೇ ಇಲ್ಲ. 1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನಿಂದ ಎಣ್ಣೆ ಚೆಲ್ಲಿದಾಗ ದಡದ ಕಲ್ಲುಗಳಿಗೆ ಹಾಕಿದ್ದು ಸಾರಜನಕ, ರಂಜಕದ ಗೊಬ್ಬರ. ತಿಂದದ್ದು ಅಲ್ಲೇ ಇದ್ದ ಜೀವಿಗಳು. ನಮ್ಮ ದೇಶದಲ್ಲಿ ಟೆರಿ ಎಂಬ ಇಂಧನ-ಪರಿಸರ ಸಂಶೋಧನಾ ಸಂಸ್ಥೆಯ ಆಯಿಲ್‌ಜ್ಯಾಪರ್ ಎಂಬ ಬ್ಯಾಕ್ಟೀರಿಯಾ ಮಿಶ್ರಣವನ್ನು ತೈಲ ಕಂಪನಿಗಳ ಕೆಸರು ಗುಂಡಿಗಳಲ್ಲಿ ಬಳಸಿದ್ದಾರೆ. ಅಂಥ ಕಡು ಕೆಸರಿಗೆ ಅದು ಸಲ್ಲುತ್ತದೆ. ನಮ್ಮ ಜನರೇಟರ್ ಹಿಂದಿನ ಮಣ್ಣಿಗೆ ಮೊದಲು ಗಾಳಿ ಕೊಡಿ, ಬಾಟಲಿ ಆಮೇಲೆ ನೋಡೋಣ.

ಎಲ್ಲಾ ಮಣ್ಣನ್ನೂ ಮುಟ್ಟಬೇಡಿ

ಪೆಟ್ರೋಲ್ ಬಿದ್ದ ಮಣ್ಣಿಗೆ ಕೈ ಹಾಕಬೇಡಿ. ಅದರ ಆವಿ ಮಾಮೂಲಿ ಹವೆಯಲ್ಲೇ ಒಂದು ಕಿಡಿ ತಾಕಿದರೂ ಹೊತ್ತಿಕೊಳ್ಳುತ್ತದೆ, ಅದರಲ್ಲಿ ಕ್ಯಾನ್ಸರ್ ತರುವ ಬೆಂಜೀನ್ ಇರುತ್ತದೆ. ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಪಿಸಿಬಿ ಎಂಬ ಕ್ಲೋರಿನ್ ಸಂಯುಕ್ತ ಇರುವ ಸಾಧ್ಯತೆ ಇದೆ, ಅದು ಈ ರಾಶಿಯ ಕೈಗೆ ಸಿಗುವ ಪ್ರಾಣಿಯಲ್ಲ. ಮುಷ್ಟಿಯಲ್ಲಿ ಹಿಂಡಿದರೆ ನೀರಿನ ಬದಲು ಎಣ್ಣೆ ಇಳಿಯುವ ಮಣ್ಣಾದರೆ ಮೊದಲು ಆ ಎಣ್ಣೆಯನ್ನು ಹೀರಿ ತೆಗೆಯಬೇಕು. ಐದು ಶೇಕಡಾ, ಅಂದರೆ ಕಿಲೋಗೆ 50,000 ಮಿಲಿಗ್ರಾಂ ದಾಟಿದರೆ ಸೂಕ್ಷ್ಮಜೀವಿಗಳಿಗೇ ಅದು ವಿಷ. ಬ್ಯಾಟರಿ ಅಂಗಡಿ, ಎಲೆಕ್ಟ್ರೋಪ್ಲೇಟಿಂಗ್ ಘಟಕದ ಪಕ್ಕದ ಮಣ್ಣಿನಲ್ಲಿ ಸೀಸ, ಕ್ರೋಮಿಯಂ ಇದ್ದರೆ ಎಣ್ಣೆ ಹೋದರೂ ಲೋಹ ಅಲ್ಲೇ ಉಳಿಯುತ್ತದೆ. ಲೋಹವನ್ನು ಯಾವ ಜೀವಿಯೂ ತಿಂದು ಮುಗಿಸುವುದಿಲ್ಲ.

ಕಾನೂನಿನ ಮಾತನ್ನು ಬೇಗ ಮುಗಿಸುತ್ತೇವೆ. ಬಳಸಿದ ಎಣ್ಣೆ, ಎಣ್ಣೆ ಬೆರೆತ ತ್ಯಾಜ್ಯ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅಡಿ ಬರುತ್ತವೆ. ಅಗೆದ ಮಣ್ಣನ್ನು ಪಾಲಿಕೆಯ ಕಸದ ಗಾಡಿಗೆ ಹಾಕುವಂತಿಲ್ಲ, ಖಾಲಿ ಸೈಟಿಗೆ ಸುರಿಯುವಂತಿಲ್ಲ. ಕೆಲಸ ಶುರು ಮಾಡುವ ಮೊದಲು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆದು ತಿಳಿಸಿ, ಒಪ್ಪಿಗೆ ಪಡೆಯಿರಿ. ಸೋರಿಕೆ ಬೋರ್‌ವೆಲ್ಲಿನ ಹತ್ತಿರ ಆಗಿದ್ದರೆ, ಅಥವಾ ಅಗೆದಷ್ಟೂ ವಾಸನೆ ಕೆಳಗಿಳಿದು ಬಿರುಕು ಬಂಡೆ ತಗುಲಿದರೆ, ಅದು ಗುದ್ದಲಿಯ ಕೆಲಸವಾಗಿ ಉಳಿಯುವುದಿಲ್ಲ. ಅಂತರ್ಜಲ ತಿಳಿದವರನ್ನು ಕರೆಯಿರಿ.

ಯಾವ ಕಸ, ಎಷ್ಟು

ನಮ್ಮ ಊರಿನಲ್ಲಿ ಸಿಗುವ ಸಾವಯವ ಕಸವನ್ನು ಈ ಕೆಲಸದ ಮಟ್ಟಿಗೆ ಮೂರು ಗುಂಪು ಮಾಡಬಹುದು: ಜಾಗ ಮಾಡುವುದು, ಉಣಿಸುವುದು, ಹೆಪ್ಪು ಹಾಕುವುದು.

ಜಾಗ ಮಾಡುವುದರಲ್ಲಿ ಎಳನೀರಿನ ಬುರುಡೆಗೆ ಸಾಟಿಯಿಲ್ಲ. ಬೇಸಿಗೆಯಲ್ಲಿ ಪ್ರತಿ ತಿರುವಿನಲ್ಲೂ ರಾಶಿ ಬಿದ್ದಿರುತ್ತದೆ. ಚೂರು ಮಾಡುವ ಯಂತ್ರಕ್ಕೆ ಕೊಟ್ಟು ಎರಡು-ಮೂರು ಸೆಂಟಿಮೀಟರ್ ತುಂಡು ಮಾಡಿಸಿ ಒಂದು ವಾರ ಬಾಡಿಸಿ. ನಾರಿನಲ್ಲಿ ಲಿಗ್ನಿನ್, ಅಂದರೆ ಮರಕ್ಕೆ ಗಟ್ಟಿತನ ಕೊಡುವ ಅಂಶ, ಹೆಚ್ಚು, ಹಾಗಾಗಿ ತಿಂಗಳುಗಟ್ಟಲೆ ಆಕಾರ ಕೆಡದೆ ಮಣ್ಣನ್ನು ಎತ್ತಿ ಹಿಡಿಯುತ್ತದೆ. ಕಬ್ಬಿನ ಹಾಲಿನ ಅಂಗಡಿಯ ಸಿಪ್ಪೆಯೂ ಬಂದೀತು, ಆದರೆ ಉಳಿದ ಸಕ್ಕರೆ ಹುಳಿಯಾಗುತ್ತದೆ, ಬಿಸಿಲಿಗೆ ಹರಡಿ ಒಣಗಿಸಿಯೇ ಹಾಕಿ. ರಾಗಿ ಹುಲ್ಲು ಒಳ್ಳೆಯದು, ಬೇಗ ಕುಸಿಯುತ್ತದೆ. ಮರದ ಹೊಟ್ಟು ಬೇಡ ಅನ್ನುವುದು ನಮ್ಮ ಅಭಿಪ್ರಾಯ. ಪುಡಿಯಾದ್ದರಿಂದ ಸಂದು ಮುಚ್ಚುತ್ತದೆ. ಅದರಲ್ಲಿ ಒಂದು ಪಾಲು ಸಾರಜನಕಕ್ಕೆ ಮುನ್ನೂರು-ನಾನೂರು ಪಾಲು ಇಂಗಾಲ, ಎಣ್ಣೆ ತಿನ್ನುವವರ ಪಾಲಿನ ಸಾರಜನಕವನ್ನೂ ಅದೇ ಕಸಿಯುತ್ತದೆ.

ಉಣಿಸುವುದು ಅಂದರೆ ಸಾರಜನಕ, ರಂಜಕ. ಪುಸ್ತಕದ ಲೆಕ್ಕ ಇಂಗಾಲ 100, ಸಾರಜನಕ 10, ರಂಜಕ 1. ಇಷ್ಟೂ ಸಾರಜನಕವನ್ನು ಒಂದೇ ಸಲ ಸುರಿದರೆ ಮಣ್ಣಿನ ನೀರು ಉಪ್ಪಾಗಿ ಸೂಕ್ಷ್ಮಜೀವಿಗಳೇ ಬಾಡುತ್ತವೆ. ಹಾಗಾಗಿ ಅರ್ಧದಿಂದ, 100ಕ್ಕೆ 5ರಿಂದ, ಶುರು ಮಾಡುವುದು ಕ್ಷೇಮ. ನಮ್ಮ 84 ಕಿಲೋ ಡೀಸೆಲ್ಲಿನಲ್ಲಿ ಇಂಗಾಲ ಸುಮಾರು 72 ಕಿಲೋ. ಬೇಕಾದ ಸಾರಜನಕ 3.6 ಕಿಲೋ, ರಂಜಕ 0.7 ಕಿಲೋ. ಹಸಿ ಸಗಣಿ 200 ಕಿಲೋ ಹಾಕಿದರೆ ಸುಮಾರು 0.8 ಕಿಲೋ ಸಾರಜನಕ. ಒಣ ಕೋಳಿ ಗೊಬ್ಬರ 50 ಕಿಲೋದಲ್ಲಿ ಸುಮಾರು 1.25 ಕಿಲೋ. ಉಳಿದದ್ದು ಯೂರಿಯಾ 3.4 ಕಿಲೋ, ಅದನ್ನು ನಾಲ್ಕು ಪಾಲು ಮಾಡಿ ಮೂರು ವಾರಕ್ಕೊಮ್ಮೆ 850 ಗ್ರಾಂ ನೀರಿನಲ್ಲಿ ಕರಗಿಸಿ ಹಾಕುವುದು. ರಂಜಕ ಸಗಣಿ ಮತ್ತು ಕೋಳಿ ಗೊಬ್ಬರದಲ್ಲೇ ಬಂದುಬಿಡುತ್ತದೆ. ಕೊಟ್ಟಿಗೆಯಿಂದ ಕೊಟ್ಟಿಗೆಗೆ, ಫಾರಂನಿಂದ ಫಾರಂಗೆ ಈ ಅಂಕಿಗಳು ಬದಲಾಗುತ್ತವೆ, ಇವನ್ನು ಅಂದಾಜು ಅಂತಲೇ ಹಿಡಿಯಿರಿ. ಯೂರಿಯಾ ಹೆಸರು ಕೇಳಿ ಮುಖ ಸಿಂಡರಿಸುವ ಸಾವಯವ ಗೆಳೆಯರಿಗೆ: ಇದು ತರಕಾರಿ ಮಡಿ ಅಲ್ಲ. ಬೇಡವೆಂದರೆ ಕೋಳಿ ಗೊಬ್ಬರವನ್ನೇ 110 ಕಿಲೋಗೆ ಏರಿಸಿ, ಕಂತಿನಲ್ಲಿ ಹಾಕಿ, ನೊಣ ನಿಮ್ಮದು.

ಹೆಪ್ಪು ಹಾಕುವುದು ಮಾಗಿದ ಗೊಬ್ಬರ, 300 ಲೀಟರ್. ಮಾಗಿದ್ದು ಅನ್ನುವ ಪದವನ್ನು ಅಡಿಗೆರೆ ಹಾಕಿಕೊಳ್ಳಿ. ಕೈಗೆ ಬಿಸಿ ತಾಕಬಾರದು, ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು, ಒಳಗೆ ಟೊಮೇಟೊ ಸಿಪ್ಪೆ ಗುರುತು ಸಿಗಬಾರದು. ಅಡುಗೆಮನೆಯ ಹಸಿ ಕಸವನ್ನು, ಹೋಟೆಲಿನ ಎಂಜಲನ್ನು ನೇರವಾಗಿ ರಾಶಿಗೆ ಹಾಕುವುದೇ ಅತಿ ಸಾಮಾನ್ಯ ತಪ್ಪು. ಎದುರಿಗೆ ಅನ್ನ-ಸಾರು ಇರುವಾಗ ಡೀಸೆಲ್ ಯಾರಿಗೆ ಬೇಕು? ಸೂಕ್ಷ್ಮಜೀವಿಗಳು ಸುಲಭದ ಊಟ ಮುಗಿಸುತ್ತವೆ, ಆಮ್ಲಜನಕವನ್ನೂ ಅದಕ್ಕೇ ಖರ್ಚು ಮಾಡುತ್ತವೆ. ರಾಶಿ 60 ಡಿಗ್ರಿಗೆ ಏರಿ ಎಲ್ಲರೂ ಖುಷಿಪಡುತ್ತಾರೆ, ಎಣ್ಣೆ ಇದ್ದಲ್ಲೇ ಇರುತ್ತದೆ. ಎಂಜಲಿನ ಉಪ್ಪು ಬೇರೆ. ಕೆ.ಆರ್. ಮಾರುಕಟ್ಟೆಯ ಹೂವಿನ ಕಸ ತರುವವರು ದಾರ, ಪ್ಲಾಸ್ಟಿಕ್ ಆರಿಸಿ, ಮೊದಲು ಗೊಬ್ಬರ ಮಾಡಿ, ಆಮೇಲೆ ತನ್ನಿ.

ರಾಶಿ ಕಟ್ಟುವುದು

ಕಾಲ ನೋಡಿ ಶುರು ಮಾಡಿ. ಬೆಂಗಳೂರಿನಲ್ಲಿ ಸೆಪ್ಟೆಂಬರ್-ಅಕ್ಟೋಬರ್ ಮಳೆ ಬಲು ಜೋರು. ಕಾರ್ತಿಕ ಕಳೆದ ಮೇಲೆ ಶುರು ಮಾಡಿದರೆ ಡಿಸೆಂಬರ್-ಜನವರಿಯ ಚಳಿಗೆ ಕೆಲಸ ನಿಧಾನ, ಫೆಬ್ರವರಿಯಿಂದ ಚುರುಕು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಬರುವಷ್ಟರಲ್ಲಿ ದೊಡ್ಡ ಭಾಗ ಮುಗಿದಿರುತ್ತದೆ.

ನೆಲ ಕಾಂಕ್ರೀಟಿನದಾದರೆ ಒಳ್ಳೆಯದು. ಇಲ್ಲವಾದರೆ ಕೃಷಿಹೊಂಡಕ್ಕೆ ಹಾಸುವ ದಪ್ಪ ಶೀಟು, ಅಂಚಿಗೆ ಒಂದು ಸಾಲು ಇಟ್ಟಿಗೆ ಇಟ್ಟು ಮೇಲಕ್ಕೆ ಮಡಚಿ. ಒಂದು ಮೂಲೆಗೆ ಇಳಿಜಾರು ಇರಲಿ, ಮೀಟರಿಗೆ ಒಂದೆರಡು ಸೆಂಟಿಮೀಟರ್ ಸಾಕು. ಆ ಮೂಲೆಯಲ್ಲಿ ಒಂದು ಬಕೆಟ್ ಹುದುಗಿಸಿ. ಬಸಿದ ನೀರು ಅಲ್ಲಿ ಸೇರಬೇಕು, ಅದನ್ನು ತಿರುಗಿ ರಾಶಿಗೇ ಹಾಕಬೇಕು. ಮೋರಿಗೆ ಹೋದರೆ ನಿಮ್ಮ ಮಣ್ಣಿನ ಕೊಳೆ ಯಾವುದೋ ಕೆರೆಗೆ ಹೋದಂತೆ.

ಅಗೆದ ಮಣ್ಣನ್ನು ಮೊದಲು ಜರಡಿ ಹಿಡಿಯಿರಿ. ಕಲ್ಲು, ಬೋಲ್ಟು, ಹತ್ತಿ ಚಿಂದಿ ಹೋಗಲಿ. ಹೆಂಟೆಗಳನ್ನು ಒಡೆಯಿರಿ, ಇದಕ್ಕೆ ಸೋಮಾರಿತನ ಬೇಡ. ಮೂರು ತಿಂಗಳಾದ ಮೇಲೆ ನಿಂಬೆಹಣ್ಣಿನ ಗಾತ್ರದ ಹೆಂಟೆಯೊಂದನ್ನು ಚಾಕುವಿನಿಂದ ಕೊಯ್ದು ನೋಡಿದರೆ ಗೊತ್ತಾಗುತ್ತದೆ: ಹೊರಗಿನ ಅರ್ಧ ಸೆಂಟಿಮೀಟರ್ ಕಂದು ಬಣ್ಣ, ಸಡಿಲ, ವಾಸನೆಯಿಲ್ಲ. ಒಳಗಿನ ತಿರುಳು ಕಪ್ಪು, ಮೂಗಿಗೆ ಹಿಡಿದರೆ ನಿನ್ನೆ ತಾನೇ ಚೆಲ್ಲಿದಂತೆ ಡೀಸೆಲ್. ಗಾಳಿ ಅಲ್ಲಿಯವರೆಗೆ ಹೋಗಲೇ ಇಲ್ಲ.

ಮಣ್ಣಿಗೆ ನೀರು ಹಾಕುವ ಮೊದಲು ಒಂದು ಹನಿ ಬಿಡಿ. ಎಣ್ಣೆ ಕುಡಿದ ಮಣ್ಣು ನೀರನ್ನು ಒಲ್ಲೆ ಅನ್ನುತ್ತದೆ. ಕೆಸುವಿನೆಲೆಯ ಮೇಲಿನ ಹನಿಯ ಹಾಗೆ ಗುಂಡಗೆ ನಿಲ್ಲುತ್ತದೆ. ಐದು ಸೆಕೆಂಡಿಗೂ ಇಂಗದಿದ್ದರೆ ಪೈಪು ಹಿಡಿದು ನೀರು ಬಿಟ್ಟು ಪ್ರಯೋಜನವಿಲ್ಲ, ಬದಿಗೆ ಹರಿದುಹೋಗುತ್ತದೆ. ಆಗ ಸಗಣಿಯನ್ನು ಮೂರು ಪಟ್ಟು ನೀರಿನಲ್ಲಿ ಕದಡಿ ಬಗ್ಗಡ ಮಾಡಿ, ಸ್ವಲ್ಪ ಸ್ವಲ್ಪ ಚಿಮುಕಿಸುತ್ತಾ ಸಲಿಕೆಯಿಂದ ಮಗುಚಬೇಕು. ಬಗ್ಗಡದ ಅಂಟು ಮಣ್ಣಿನ ಕಣಕ್ಕೂ ನೀರಿಗೂ ನಡುವೆ ರಾಜಿ ಮಾಡಿಸುತ್ತದೆ. ಒಂದೇ ದಿನ ಎಲ್ಲ ಸುರಿಯಬೇಡಿ, ಎರಡು-ಮೂರು ದಿನದಲ್ಲಿ ಹದಕ್ಕೆ ಬರುತ್ತದೆ.

ಆಮೇಲೆ ಒಂದು ಘನ ಮೀಟರ್ ಬುರುಡೆ ಚೂರು, 300 ಲೀಟರ್ ಗೊಬ್ಬರ, ಕೋಳಿ ಗೊಬ್ಬರ, ಮೊದಲ ಕಂತಿನ ಯೂರಿಯಾ ಸೇರಿಸಿ ಎರಡು ಸಲ ಪೂರ್ತಿ ಮಗುಚಿ. ಬುಡಕ್ಕೆ ಹತ್ತು ಸೆಂಟಿಮೀಟರ್ ಬುರುಡೆ ಚೂರನ್ನೇ ಹಾಸಿ, ಅದರ ಮೇಲೆ ತೂತು ಕೊರೆದ ನಾಲ್ಕು ಇಂಚಿನ ಪಿವಿಸಿ ಪೈಪು ಎರಡು, ಎರಡೂ ತುದಿ ಹೊರಗೆ ತೆರೆದಿರುವಂತೆ. ರಾಶಿ ಬುಡದಲ್ಲಿ ಎರಡು ಮೀಟರ್ ಅಗಲ, ನೆತ್ತಿಯಲ್ಲಿ 80 ಸೆಂಟಿಮೀಟರ್, ಎತ್ತರ ಒಂದು ಮೀಟರ್, ಉದ್ದ ಮೂರು ಮೀಟರ್. ಕೈಯಲ್ಲಿ ಮಗುಚುವುದಾದರೆ ಒಂದು ಮೀಟರಿಗಿಂತ ಎತ್ತರ ಬೇಡ, ತನ್ನ ಭಾರಕ್ಕೆ ತಾನೇ ಬುಡದಲ್ಲಿ ಅಮುಕಿಕೊಳ್ಳುತ್ತದೆ. ಟಾರ್ಪಾಲನ್ನು ಮೈಗೆ ಅಂಟಿಸಿ ಹೊದಿಸಬೇಡಿ. ನಾಲ್ಕು ಗೂಟ ನೆಟ್ಟು ಚಪ್ಪರದ ಹಾಗೆ ಕಟ್ಟಿ.

ಮೊದಲ ತಿಂಗಳು ವಾರಕ್ಕೊಮ್ಮೆ ಮಗುಚಿ, ಆಮೇಲೆ ಹದಿನೈದು ದಿನಕ್ಕೊಮ್ಮೆ. ಮೊದಲ ಎರಡು ಮಗುಚುವಿಕೆಯಲ್ಲಿ ವಾಸನೆ ಜೋರು. ಬೆಳಗ್ಗೆ ಮಾಡಿ, ಆವಿ ತಡೆಯುವ ಮಾಸ್ಕ್ ಮತ್ತು ನೈಟ್ರೈಲ್ ಕೈಗವಸು ಹಾಕಿ, ಹತ್ತಿರ ಬೀಡಿ-ಸಿಗರೇಟು, ವೆಲ್ಡಿಂಗ್ ಇರಬಾರದು. ಆ ವಾಸನೆ ಅಂದರೆ ಡೀಸೆಲ್ಲಿನ ಹಗುರ ಭಾಗ ಗಾಳಿಗೆ ಹೋಗುತ್ತಿದೆ ಅಂತ. ಅದು ಮಣ್ಣಿನಿಂದ ಹೋಯಿತು ನಿಜ, ಅಳಿಯಲಿಲ್ಲ. ಇದನ್ನು ಸಾಧನೆಯ ಲೆಕ್ಕಕ್ಕೆ ಬರೆದುಕೊಳ್ಳುವುದು ನ್ಯಾಯವಲ್ಲ.

ನೀರಿನ ಹದ ಕೈಗೇ ಗೊತ್ತಾಗಬೇಕು. ಒಂದು ಮುಷ್ಟಿ ತೆಗೆದು ಬಲವಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಿದರೆ ಸರಿ, ಧಾರೆ ಇಳಿದರೆ ಹೆಚ್ಚು, ಕೈ ಬಿಚ್ಚಿದಾಗ ಉದುರಿದರೆ ಕಮ್ಮಿ. ರಾಶಿಯ ನೆತ್ತಿಯಿಂದ ತೆಗೆದು ನೋಡಬೇಡಿ, ಒಂದು ಮೊಳ ಒಳಗಿನಿಂದ ತೆಗೆಯಿರಿ. ಮಾರ್ಚಿಯಲ್ಲಿ ಮೇಲೆ ಬೂದಿಯಂತೆ ಒಣಗಿ ಒಳಗೆ ಸರಿಯಾಗಿರುತ್ತದೆ, ಮಳೆಗಾಲದಲ್ಲಿ ಇದಕ್ಕೆ ತಿರುವುಮುರುವು. ಅಪಾರ್ಟ್‌ಮೆಂಟಿನಲ್ಲಿ ಎಸ್‌ಟಿಪಿ ನೀರು, ಅಂದರೆ ಶುದ್ಧೀಕರಿಸಿದ ಕೊಳಚೆ ನೀರು, ಇದ್ದರೆ ಬಳಸಬಹುದು. ಅದರಲ್ಲಿ ಒಂದಿಷ್ಟು ಸಾರಜನಕ, ರಂಜಕ ಹೇಗೂ ಇರುತ್ತದೆ. ಕೈಗವಸು ಮಾತ್ರ ತಪ್ಪಿಸಬೇಡಿ.

ಕೆಡುವ ಬಗೆಗಳು

ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ಉಸಿರು ಕಟ್ಟಿದೆ. ಮಳೆ ನುಗ್ಗಿರಬೇಕು, ಇಲ್ಲವೇ ಯಾರೋ ಹಸಿ ಕಸ ಸುರಿದಿರಬೇಕು (ಹೌಸ್‌ಕೀಪಿಂಗ್‌ನವರಿಗೆ ರಾಶಿ ಕಂಡರೆ ಕಸದ ಜಾಗ ಅನ್ನಿಸುವುದು ಸಹಜ, ಬೋರ್ಡು ಹಾಕಿ). ಅವತ್ತೇ ರಾಶಿ ಬಿಚ್ಚಿ ಅರ್ಧ ದಿನ ಹರಡಿ, ಒಣ ಬುರುಡೆ ಚೂರು ಇನ್ನೊಂದು ಪಾಲು ಸೇರಿಸಿ ತಿರುಗಿ ಕಟ್ಟಿ.

ಕಣ್ಣು ಉರಿಯುವ ಅಮೋನಿಯಾ ವಾಸನೆ ಬಂದರೆ ಸಾರಜನಕ ಹೆಚ್ಚಾಗಿದೆ, ಅದು ಗಾಳಿಗೆ ಹೋಗುತ್ತಿದೆ. ಮುಂದಿನ ಕಂತಿನ ಯೂರಿಯಾ ನಿಲ್ಲಿಸಿ, ಒಣ ಎಲೆ ಬೆರೆಸಿ. ಇದರ ಹಿಂದೆ ಬಹಳ ಸಲ ಸುಣ್ಣ ಅಥವಾ ಒಲೆ ಬೂದಿ ಇರುತ್ತದೆ. ನಮ್ಮ ಕೆಂಪು ಮಣ್ಣು ತುಸು ಹುಳಿ, ಪಿಎಚ್ 6ರ ಆಸುಪಾಸು, ಅಂತ ಓದಿಕೊಂಡವರು ಬುಟ್ಟಿಗಟ್ಟಲೆ ಬೂದಿ ಹಾಕಿಬಿಡುತ್ತಾರೆ. 6ರಿಂದ 8ರೊಳಗೆ ಇದ್ದರೆ ಏನೂ ಹಾಕಬೇಡಿ. 5.5ಕ್ಕಿಂತ ಕೆಳಗಿದ್ದರೆ ಮಾತ್ರ ಕೃಷಿ ಸುಣ್ಣ, ಅದೂ ಯೂರಿಯಾ ಹಾಕಿದ ವಾರ ಬೇಡ.

ರಾಶಿ ಬಿಸಿಯೇ ಆಗುತ್ತಿಲ್ಲ ಅನ್ನುವುದು ಇನ್ನೊಂದು ದೂರು. ಆಗಬೇಕಿಲ್ಲ. 30ರಿಂದ 40 ಡಿಗ್ರಿ ಇದ್ದರೆ ಎಣ್ಣೆ ತಿನ್ನುವವರಿಗೆ ಹಬ್ಬ. ಗೊಬ್ಬರದ ರಾಶಿಯ ಅಭ್ಯಾಸ ಇರುವವರಿಗೆ ಇದನ್ನು ಒಪ್ಪುವುದು ಕಷ್ಟ. 45 ದಾಟಿದರೆ ಮಗುಚಿ ಆರಿಸಿ.

ಎಣ್ಣೆಯ ಪ್ರಮಾಣ ಎರಡು ತಿಂಗಳು ಚೆನ್ನಾಗಿ ಇಳಿದು ಆಮೇಲೆ ನಿಂತುಬಿಡುವುದೂ ಉಂಟು. ಸಾರಜನಕ ಮುಗಿದಿದ್ದರೆ ಒಂದು ಕಂತು ಹಾಕಿದಾಗ ಮತ್ತೆ ಇಳಿಯುತ್ತದೆ. ಹಾಕಿದರೂ ಇಳಿಯದಿದ್ದರೆ ಉಳಿದದ್ದು ಕವಲು ಸರಪಳಿ, ಉಂಗುರ, ಅಥವಾ ಜೇಡಿ ಕಣದ ಸಂದಿಯಲ್ಲಿ ಸಿಕ್ಕಿಕೊಂಡದ್ದು. ಅದಕ್ಕೆ ಕಾಲವೇ ಬೇಕು. ಡೀಸೆಲ್ ಮಣ್ಣಿಗೆ ಒಟ್ಟು ಮೂರರಿಂದ ಆರು ತಿಂಗಳು ಇಟ್ಟುಕೊಳ್ಳಿ.

ಅಳತೆಯಲ್ಲಿ ಮೋಸ ಹೋಗುವ ಬಗೆ

ಈ ಕ್ಷೇತ್ರದಲ್ಲಿ ಸುಳ್ಳು ಹೇಳದೆಯೇ ಸುಳ್ಳು ಹೇಳಬಹುದು. ಮೂರು ಘನ ಮೀಟರ್ ಮಣ್ಣಿಗೆ ಅಷ್ಟೇ ಗಾತ್ರದ ಗೊಬ್ಬರ ಬೆರೆಸಿ. ಗೊಬ್ಬರದ ಒಣ ತೂಕ ಸಾವಿರ ಕಿಲೋ ಚಿಲ್ಲರೆ. ಒಂದು ಸೂಕ್ಷ್ಮಜೀವಿಯೂ ಬಾಯಿ ತೆರೆಯುವ ಮೊದಲೇ 18,700 ಇದ್ದದ್ದು 15,000ದ ಹತ್ತಿರ ಬಂತು. ಮೊದಲ ಮಾದರಿಯನ್ನು ಬೆರೆಸುವ ಮುಂಚೆ, ಕೊನೆಯದನ್ನು ಬೆರೆಸಿದ ಮೇಲೆ ತೆಗೆದರೆ ಹಾಲಿಗೆ ನೀರು ಬೆರೆಸಿದ್ದಕ್ಕೂ ಸೂಕ್ಷ್ಮಜೀವಿಯ ಹೆಸರು ಬರುತ್ತದೆ. ಸೊನ್ನೆ ದಿನದ ಮಾದರಿಯನ್ನು ಎಲ್ಲ ಬೆರೆಸಿ ರಾಶಿ ಕಟ್ಟಿದ ದಿನವೇ ತೆಗೆಯಿರಿ. ಜೊತೆಗೆ ಎರಡು ಬಾಣಲೆ ಕೊಳೆಯಾದ ಮಣ್ಣನ್ನು ಏನೂ ಬೆರೆಸದೆ ಒಂದು ಟಬ್ಬಿನಲ್ಲಿ ಪಕ್ಕಕ್ಕೆ ಇಟ್ಟುಕೊಳ್ಳಿ. ಹೋಲಿಸಲು ಅದು ಬೇಕು.

ಇನ್ನೊಂದು ಮೋಸ ತಿರುವುಮುರುವಾದದ್ದು. ಗೊಬ್ಬರದಲ್ಲೇ ಸಸ್ಯದ ಮೇಣ, ಕೊಬ್ಬು ಇರುತ್ತವೆ. ಪ್ರಯೋಗಾಲಯದಲ್ಲಿ ಅವೂ ಪೆಟ್ರೋಲಿಯಂ ಲೆಕ್ಕಕ್ಕೆ ಸೇರಿ ಅಂಕಿ ಏರುತ್ತದೆ. ಮಾದರಿ ಕೊಡುವಾಗ, ಆ ಮೇಣ-ಕೊಬ್ಬನ್ನು ಹಿಡಿದಿಡುವ ಸಿಲಿಕಾ ಜೆಲ್‌ನಲ್ಲಿ ಸೋಸಿ ಅಳೆಯಿರಿ ಎಂದು ಕೇಳಿ. ಗ್ಯಾಸ್ ಕ್ರೊಮ್ಯಾಟೋಗ್ರಾಂ ಚಿತ್ರವನ್ನೂ (ಎಣ್ಣೆಯ ಬೇರೆ ಬೇರೆ ಅಂಶಗಳು ಗೋಪುರಗಳಾಗಿ ಕಾಣುವ ಗೆರೆಚಿತ್ರ) ಕೇಳಿ ಪಡೆಯಿರಿ, ಒಂದು ಅಂಕಿ ಸಾಲದು. ಅದರಲ್ಲಿ ಹದಿನೇಳು ಇಂಗಾಲದ ನೇರ ಸರಪಳಿಯ ಗೋಪುರವೂ ಪ್ರಿಸ್ಟೇನ್ ಎಂಬ ಕವಲು ಸರಪಳಿಯ ಗೋಪುರವೂ ಅಕ್ಕಪಕ್ಕ ನಿಂತಿರುತ್ತವೆ. ಬರೀ ಗೊಬ್ಬರ ಬೆರೆತು ತೆಳುವಾದ ಲೆಕ್ಕವಾದರೆ ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗುತ್ತವೆ. ಆವಿಯಾದರೂ ಹಾಗೇ, ಎರಡರ ಕುದಿಬಿಂದು ಹತ್ತಿರ ಹತ್ತಿರ. ಜೀವಿಗಳು ತಿಂದರೆ ಮಾತ್ರ ನೇರ ಸರಪಳಿ ಮೊದಲು ಕುಸಿದು ಪ್ರಿಸ್ಟೇನ್ ಒಂಟಿಯಾಗಿ ಉಳಿಯುತ್ತದೆ. ಇಷ್ಟು ಸ್ಪಷ್ಟ ಸಾಕ್ಷಿ ಬೇರೆ ಕಡೆ ಸಿಗುವುದು ಅಪರೂಪ.

ಮಾದರಿ ತೆಗೆಯುವುದು ರಾಶಿಯ ಒಂಬತ್ತು ಕಡೆಯಿಂದ, ಬೇರೆ ಬೇರೆ ಆಳದಿಂದ. ಸ್ಟೀಲ್ ಬೋಗುಣಿಯಲ್ಲಿ ಬೆರೆಸಿ, ಗಾಜಿನ ಸೀಸೆಗೆ ಕಂಠದವರೆಗೆ ತುಂಬಿ, ಐಸ್ ಡಬ್ಬದಲ್ಲಿ ಕಳಿಸಿ. ಪ್ಲಾಸ್ಟಿಕ್ ಡಬ್ಬ ಎಣ್ಣೆಯನ್ನು ತಾನೇ ಹೀರಿಕೊಳ್ಳುತ್ತದೆ. ಸೊನ್ನೆ, 30, 60, 90, 120ನೇ ದಿನ ಸಾಕು.

ನಡುವಿನ ದಿನಗಳಿಗೆ ಬಡವರ ಪರೀಕ್ಷೆ ಒಂದಿದೆ. ಅಗಲ ಬಾಯಿಯ ಉಪ್ಪಿನಕಾಯಿ ಜಾಡಿಗೆ ಅರ್ಧ ಕಿಲೋ ರಾಶಿಯ ಮಣ್ಣು ಹಾಕಿ, ಮೇಲೆ ಸಣ್ಣ ಬಟ್ಟಲಿನಲ್ಲಿ ತಿಳಿ ಸುಣ್ಣದ ನೀರು ಇಟ್ಟು ಮುಚ್ಚಿ. ಎಲೆಅಡಿಕೆ ಸುಣ್ಣವನ್ನೇ ನೀರಿಗೆ ಕಲಸಿ ತಿಳಿ ಬಸಿದುಕೊಂಡರಾಯಿತು. ಜೀವಿಗಳು ಬಿಡುವ ಇಂಗಾಲದ ಡೈಆಕ್ಸೈಡಿಗೆ ನೀರಿನ ಮೇಲೆ ಬಿಳಿ ಕೆನೆ ಕಟ್ಟುತ್ತದೆ. ಪಕ್ಕದಲ್ಲಿ ಶುದ್ಧ ಮಣ್ಣಿಗೆ ಅದೇ ಗೊಬ್ಬರ ಅದೇ ಪ್ರಮಾಣದಲ್ಲಿ ಬೆರೆಸಿದ ಇನ್ನೊಂದು ಜಾಡಿ ಇರಲೇಬೇಕು, ಇಲ್ಲದಿದ್ದರೆ ಗೊಬ್ಬರದ ಉಸಿರನ್ನು ಎಣ್ಣೆಯ ಲೆಕ್ಕಕ್ಕೆ ಬರೆಯುತ್ತೀರಿ. ಎಣ್ಣೆಯ ಜಾಡಿಯಲ್ಲಿ ಕೆನೆ ಬೇಗ ಕಟ್ಟಬೇಕು. ಎರಡೂ ಒಂದೇ ಹೊತ್ತಿಗೆ ಕಟ್ಟಿದರೆ ಎಣ್ಣೆಯ ಕಡೆ ಕೆಲಸ ನಿಂತಿದೆ.

ಕೊನೆಯಲ್ಲಿ ಬೀಜ. ಮೂಲಂಗಿ ಅಥವಾ ಹೆಸರುಕಾಳು ಇಪ್ಪತ್ತಿಪ್ಪತ್ತು, ಮೂರು ಕುಂಡದಲ್ಲಿ ರಾಶಿಯ ಮಣ್ಣು, ಮೂರರಲ್ಲಿ ಗೊಬ್ಬರ ಬೆರೆಸಿದ ಶುದ್ಧ ಮಣ್ಣು. ಮೊಳಕೆ ಎಣಿಸಿದರೆ ಸಾಲದು, ವಾರದ ಮೇಲೆ ಕಿತ್ತು ಬೇರು ನೋಡಿ. ಎಣ್ಣೆ ಉಳಿದ ಮಣ್ಣಿನಲ್ಲಿ ಮೊಳಕೆ ಬಂದರೂ ಬೇರು ಮೊಂಡಾಗಿ, ತುದಿ ಕಂದಾಗಿ ಇರುತ್ತದೆ.

ಎಷ್ಟಕ್ಕೆ ಇಳಿದರೆ ಸಾಕು? ನೆದರ್ಲೆಂಡ್ಸಿನವರು ಕಿಲೋಗೆ 5,000 ಮಿಲಿಗ್ರಾಂ ಖನಿಜ ತೈಲ ದಾಟಿದ ಮಣ್ಣನ್ನು ಗಂಭೀರವಾಗಿ ಕೆಟ್ಟದ್ದು ಎಂದು ಹಿಡಿಯುತ್ತಾರೆ. ನಿಮ್ಮ ಜಾಗದ ಗುರಿ ಮಂಡಳಿಯ ಒಪ್ಪಿಗೆ ಪತ್ರದಲ್ಲಿ ಇರಬೇಕು. ಅಷ್ಟಕ್ಕೆ ಇಳಿದರೂ ಆ ಮಣ್ಣಿನಲ್ಲಿ ಸೊಪ್ಪು, ತರಕಾರಿ ಬೇಡ.

ಸಭಿಕರ ಪ್ರಶ್ನೆಗಳು

ಗ್ಯಾರೇಜಿನಲ್ಲಿ ಬೀಳುವುದು ಡೀಸೆಲ್ಲಲ್ಲ ಸಾರ್, ಹಳೇ ಎಂಜಿನ್ ಆಯಿಲ್. ಇದೇ ವಿಧಾನ ಆಗುತ್ತಾ?

ಅರ್ಧ ಆಗುತ್ತದೆ. ಎಂಜಿನ್ ಆಯಿಲ್ಲಿನ ಸರಪಳಿಗಳು ಉದ್ದ, ಉಂಗುರಗಳು ಹೆಚ್ಚು. ಎಂಜಿನ್ ಸವೆದ ಲೋಹದ ಪುಡಿ, ಆಯಿಲ್ಲಿಗೆ ಕಂಪನಿಯವರೇ ಬೆರೆಸುವ ಸತು ಎಲ್ಲ ಇರುತ್ತದೆ. ಮೊದಲು ಲೋಹದ ಪರೀಕ್ಷೆ ಮಾಡಿಸಿ. ಲೋಹ ಕಡಿಮೆ ಇದ್ದರೆ ಮೂರು ತಿಂಗಳು ಈ ರಾಶಿ, ಆಮೇಲೆ ಶಿಲೀಂಧ್ರ. ಚಿಪ್ಪಿನ ಅಣಬೆ ಬೆಳೆಯುವವರು ಬೆಳೆ ಮುಗಿದ ಮೇಲೆ ಬಿಸಾಡುವ ಭತ್ತದ ಹುಲ್ಲಿನ ಚೀಲಗಳಲ್ಲಿ ಬಿಳಿ ಜಾಲ ಇನ್ನೂ ಜೀವಂತ ಇರುತ್ತದೆ. ಮರದ ಲಿಗ್ನಿನ್ ಒಡೆಯುವ ಅದರ ಕಿಣ್ವಗಳು ಎಣ್ಣೆಯ ಉಂಗುರಗಳನ್ನೂ ಒಡೆಯುತ್ತವೆ. ಹತ್ತು ಸೆಂಟಿಮೀಟರ್ ಮಣ್ಣು, ಐದು ಸೆಂಟಿಮೀಟರ್ ಆ ಹುಲ್ಲು, ಹೀಗೆ ಪದರ ಪದರ ಹಾಕಿ ನೆರಳಿನಲ್ಲಿ ಇಡಿ. ಇದನ್ನು ಮಗುಚಬಾರದು, ಮಗುಚಿದರೆ ಜಾಲ ಹರಿಯುತ್ತದೆ. ಯೂರಿಯಾ ಬೇಡ. ಅಣಬೆ ಎದ್ದರೆ ಕಿತ್ತು ಅದೇ ರಾಶಿಗೆ ಹಾಕಿ, ಮನೆಗೆ ಒಯ್ಯಬೇಡಿ. ಆರು ತಿಂಗಳಿಂದ ವರ್ಷ ಹಿಡಿಯುತ್ತದೆ, ಸ್ವಲ್ಪ ಉಳಿದೇ ಉಳಿಯುತ್ತದೆ.

ಹಾಗಾದರೆ ಹಳೇ ಆಯಿಲ್ ಡಬ್ಬವನ್ನೇ ಗೊಬ್ಬರದ ಗುಂಡಿಗೆ ಸುರಿಯಬಹುದಲ್ಲ?

ಖಂಡಿತ ಬೇಡ. ಡಬ್ಬದಲ್ಲಿರುವ ಎಣ್ಣೆಗೆ ಬೆಲೆ ಇದೆ, ಅಧಿಕೃತ ಮರುಸಂಸ್ಕರಣೆಯವರು ಕೊಳ್ಳುತ್ತಾರೆ, ರಸೀದಿ ಕೊಡುತ್ತಾರೆ. ಈ ರಾಶಿ ಇರುವುದು ಕೈ ತಪ್ಪಿ ನೆಲಕ್ಕೆ ಬಿದ್ದದ್ದಕ್ಕೆ.

ಜನರೇಟರ್ ಪಕ್ಕ ದಿನಾ ಸ್ವಲ್ಪ ಸ್ವಲ್ಪ ಹನಿಯುತ್ತಲೇ ಇರುತ್ತದೆ. ಪ್ರತಿ ವರ್ಷ ರಾಶಿ ಕಟ್ಟಬೇಕಾ?

ಹನಿಯುವ ನಲ್ಲಿಯ ವಾಷರ್ ಬದಲಿಸಿ. ಅದರ ಕೆಳಗೆ ತಗಡಿನ ತಟ್ಟೆ ಇಟ್ಟು ಒಂದು ಮುಷ್ಟಿ ಒಣ ತೆಂಗಿನ ನಾರಿನ ಪುಡಿ ಹಾಕಿ. ಪುಡಿ ಕಪ್ಪಾದಾಗ ಮುಚ್ಚಳದ ಡಬ್ಬಕ್ಕೆ ತುಂಬಿ, ಬಳಸಿದ ಎಣ್ಣೆಯ ಜೊತೆಗೇ ಅಧಿಕೃತರಿಗೆ ಕೊಡಿ.